ಯಲ್ದಾ ರಾತ್ರಿ ಜರತುಷ್ಟ್ರ ಧರ್ಮದ ಹಬ್ಬವೇ? ಮಿತ್ರನ ಜನ್ಮದಿನ, ದಾಳಿಂಬೆ, ಕಲ್ಲಂಗಡಿ: ಯಾವುದು ಎಲ್ಲಿಂದ ಬಂತು?

ಹೊಂಗೆಮರ
ಡಿಸೆಂಬರ್ ಬಂತೆಂದರೆ ವಾಟ್ಸಾಪಿನಲ್ಲಿ ಅದೇ ಬರಹ ಮತ್ತೆ ಸುತ್ತುತ್ತದೆ. ವರ್ಷದ ಅತಿ ಉದ್ದದ ರಾತ್ರಿ ಇರಾನಿನಲ್ಲಿ ಆಚರಿಸುವ ಯಲ್ದಾ, ಮಿತ್ರ ಎಂಬ ದೇವತೆಯ ಹುಟ್ಟುಹಬ್ಬವಂತೆ, ಅಲ್ಲಿನ ಪ್ರಾಚೀನ ಜರತುಷ್ಟ್ರ ಧರ್ಮದ ಮುಖ್ಯ ಹಬ್ಬವಂತೆ, ಕ್ರಿಸ್‌ಮಸ್ ಕೂಡ ಅದರಿಂದಲೇ ಬಂದದ್ದಂತೆ. ಮಕ್ಕಳ ಪತ್ರಿಕೆಯೊಂದಕ್ಕೆ ಎರಡು ಪುಟದ ಲೇಖನ ಸಿದ್ಧವಾಗಬೇಕಿದೆ, ಅದರಲ್ಲಿ ತಪ್ಪು ಹೋಗಬಾರದು. ಬಲ್ಲವರು ಹೇಳಿ: ಇದರಲ್ಲಿ ಧರ್ಮದ್ದು ಎಷ್ಟು, ಜನಪದದ್ದು ಎಷ್ಟು? ಆ ರಾತ್ರಿ ಮನೆಯಲ್ಲಿ ಏನೇನು ಮಾಡುತ್ತಾರೆ? ಕೆಂಪು ಹಣ್ಣುಗಳಿಗೆ ಅರ್ಥವೇನು? ದಿನಾಂಕ 20ರೋ 21ರೋ?

ನಕ್ಷತ್ರಪಟ
ಸುಲಭದ್ದು ದಿನಾಂಕ, ಅದನ್ನು ಮೊದಲು ಮುಗಿಸೋಣ. ಇರಾನಿನ ಸೌರ ಪಂಚಾಂಗದ ಒಂಬತ್ತನೇ ತಿಂಗಳು ಆಜರ್, ಹತ್ತನೆಯದು ದೇ. ಆಜರ್ 30ರ ಸೂರ್ಯಾಸ್ತದಿಂದ ದೇ 1ರ ಸೂರ್ಯೋದಯದವರೆಗಿನ ರಾತ್ರಿಯೇ ಯಲ್ದಾ. ಮೊದಲ ಆರು ತಿಂಗಳಿಗೆ 31 ದಿನ, ಆಮೇಲಿನ ಮೂರಕ್ಕೆ 30. ಅಂದರೆ ಹೊಸ ವರ್ಷದ ದಿನವಾದ ನೌರೋಜ್ ಆಗಿ 276 ದಿನಕ್ಕೆ ದೇ 1. ನೌರೋಜ್ ಮಾರ್ಚ್ 20ಕ್ಕೆ ಬಿದ್ದ ವರ್ಷ ಯಲ್ದಾ ಡಿಸೆಂಬರ್ 20ರ ರಾತ್ರಿ, ಮಾರ್ಚ್ 21ಕ್ಕೆ ಬಿದ್ದ ವರ್ಷ ಡಿಸೆಂಬರ್ 21ರ ರಾತ್ರಿ. 2024ರಲ್ಲಿ 20, 2025ರಲ್ಲಿ 21.

ಇನ್ನೊಂದು ತಪ್ಪನ್ನೂ ಈಗಲೇ ತೆಗೆಯಿರಿ. "ಯಲ್ದಾ ಉಳಿದ ರಾತ್ರಿಗಳಿಗಿಂತ ಒಂದು ನಿಮಿಷ ಉದ್ದ" ಅಂತ ಇರಾನಿನಲ್ಲೇ ಹೇಳುತ್ತಾರೆ. ಅಯನದ (ಸೂರ್ಯ ದಕ್ಷಿಣದ ತುದಿ ಮುಟ್ಟಿ ಉತ್ತರಕ್ಕೆ ತಿರುಗುವ ದಿನದ) ಆಸುಪಾಸಿನಲ್ಲಿ ಹಿಂದಿನ ರಾತ್ರಿಗೂ ಇದಕ್ಕೂ ಇರುವ ವ್ಯತ್ಯಾಸ ಕೆಲವೇ ಸೆಕೆಂಡು. ತೆಹರಾನಿನಲ್ಲಿ ಆ ರಾತ್ರಿ ಸುಮಾರು 14 ಗಂಟೆ 15 ನಿಮಿಷ. ಬೆಂಗಳೂರಿನಲ್ಲಿ ಅದೇ ರಾತ್ರಿ ಸುಮಾರು 12 ಗಂಟೆ 40 ನಿಮಿಷ. ನಮಗೆ ಈ ಹಬ್ಬದ ತೂಕ ಥಟ್ಟನೆ ತಿಳಿಯದಿರುವುದಕ್ಕೆ ಕಾರಣ ಈ ಒಂದೂವರೆ ಗಂಟೆ.

ತುಂಗಾತೀರ
ಸೂರ್ಯ ಅತಿ ಬೇಗ ಮುಳುಗುವುದೂ ಅವತ್ತೇ ತಾನೆ?

ನಕ್ಷತ್ರಪಟ
ಅಲ್ಲ. ತೆಹರಾನಿನ ಅಕ್ಷಾಂಶದಲ್ಲಿ ಅತಿ ಬೇಗನೆ ಸೂರ್ಯಾಸ್ತ ಆಗುವುದು ಡಿಸೆಂಬರ್ ಮೊದಲ ವಾರದಲ್ಲಿ, ಅತಿ ತಡವಾಗಿ ಸೂರ್ಯೋದಯ ಆಗುವುದು ಜನವರಿ ಮೊದಲ ವಾರದಲ್ಲಿ. ಎರಡನ್ನೂ ಕೂಡಿಸಿ ನೋಡಿದಾಗ ಮಾತ್ರ ಅಯನದ ರಾತ್ರಿ ಎಲ್ಲಕ್ಕಿಂತ ಉದ್ದ.

ಅವೆಸ್ತಾ_ಓದುಗ
ಈಗ ಧರ್ಮದ ಪ್ರಶ್ನೆಗೆ. ನೇರವಾಗಿ ಹೇಳುತ್ತೇನೆ: ಯಲ್ದಾ ಜರತುಷ್ಟ್ರ ಧರ್ಮದ ಕಡ್ಡಾಯ ಹಬ್ಬಗಳಲ್ಲಿ ಒಂದಲ್ಲ. ಕಡ್ಡಾಯದವು ಏಳು, ಗಹಂಬಾರ್ ಎಂಬ ಆರು ಋತುಹಬ್ಬ ಮತ್ತು ನೌರೋಜ್. ಈ ಆರು ಗಹಂಬಾರ್‌ಗಳು ಆಕಾಶ, ನೀರು, ಭೂಮಿ, ಸಸ್ಯ, ಪಶು, ಮನುಷ್ಯ ಎಂಬ ಸೃಷ್ಟಿಯ ಆರು ಹಂತಗಳವು. ನಡುಚಳಿಗಾಲದ ಗಹಂಬಾರ್ ಹೆಸರು ಮೈದ್ಯಾರೆಮ್, ದೇ ತಿಂಗಳ 16ರಿಂದ 20ರವರೆಗೆ, ಪಶುಸೃಷ್ಟಿಗೆ ಸೇರಿದ್ದು. ಅಯನದ ರಾತ್ರಿಗೆ ಅವರ ಧರ್ಮಗ್ರಂಥವಾದ ಅವೆಸ್ತಾದಲ್ಲಿ ಪ್ರತ್ಯೇಕ ವಿಧಿ ಇಲ್ಲ.

ಮಿತ್ರನ ಹುಟ್ಟುಹಬ್ಬ ಎಂಬ ಮಾತಿಗೂ ಅಲ್ಲಿ ಆಧಾರವಿಲ್ಲ. ಮಿತ್ರನಿಗೆ ಮೀಸಲಾದ ಹತ್ತನೇ ಯಶ್ತ್ (ಸ್ತೋತ್ರ) ಅವನನ್ನು ಸಾವಿರ ಕಿವಿ, ಹತ್ತು ಸಾವಿರ ಕಣ್ಣಿನವನೆಂದು ಹೊಗಳುತ್ತದೆ, ಸೂರ್ಯನಿಗಿಂತ ಮುಂಚೆ ಹರಾ ಪರ್ವತದ ಮೇಲೆ ಬರುವವನೆಂದು ಹೇಳುತ್ತದೆ. ಹುಟ್ಟಿದ ರಾತ್ರಿಯ ಸುದ್ದಿಯೇ ಇಲ್ಲ. ಅವನು ಸೂರ್ಯನೂ ಅಲ್ಲ, ಕೊಟ್ಟ ಮಾತನ್ನು, ಒಪ್ಪಂದವನ್ನು ಕಾಯುವವನು. ಸೂರ್ಯನಿಗೆ ಬೇರೆಯೇ ಯಶ್ತ್ ಇದೆ, ಆರನೆಯದು. ಮಿತ್ರನ ನಿಜವಾದ ಹಬ್ಬ ಮೆಹರಗಾನ್, ಮೆಹರ್ ತಿಂಗಳ ಮೆಹರ್ ದಿನ, ಅಂದರೆ 16ಕ್ಕೆ, ಅಕ್ಟೋಬರ್ ಹೊತ್ತಿಗೆ.

ಧಾರವಾಡ_ಗುಬ್ಬಿ
ಇಲ್ಲರೀ, ಇಷ್ಟು ಗಡಬಡಿಸಿ ತಳ್ಳಿಹಾಕಬ್ಯಾಡ್ರಿ. ಪುಸ್ತಕದಾಗ ಇಲ್ಲ ಅಂದ್ರ ಮಂದಿ ಮಾಡ್ತಿರಲಿಲ್ಲ ಅಂತ ಹೆಂಗ ಹೇಳ್ತೀರಿ? ನಮ್ಮ ಸೀಗಿ ಹುಣ್ಣಿಮೆ, ಎಳ್ಳಮಾಸಿ ಯಾವ ವೇದದಾಗ ಅದಾವ? ಹೊಲ ಬಿತ್ತೋರ ಹಬ್ಬಕ್ಕ ಪುಸ್ತಕದ ಸಾಕ್ಷಿ ಕೇಳಬಾರದು.

ಅವೆಸ್ತಾ_ಓದುಗ
ಒಪ್ಪಿದೆ, ಮಾಡುತ್ತಿರಲಿಲ್ಲ ಅಂತ ನಾನು ಹೇಳಿಲ್ಲ. ಉದ್ದ ರಾತ್ರಿಯನ್ನು ಬೆಂಕಿಯ ಬಳಿ ಕೂತು ಕಳೆಯುವುದು ತುಂಬಾ ಹಳೆಯದೇ ಇರಬಹುದು. ನನ್ನ ತಕರಾರು "ಮಿತ್ರನ ಜನ್ಮದಿನ" ಎಂಬ ಚೀಟಿ ಅಂಟಿಸುವುದಕ್ಕೆ. ರೋಮಿನ ಕಡೆಯ ಪುರಾವೆಯೂ ಅಷ್ಟೇ. 354ರ ರೋಮನ್ ಪಂಚಾಂಗದಲ್ಲಿ ಡಿಸೆಂಬರ್ 25ಕ್ಕೆ "ಅಜೇಯನ ಜನನ" ಅಂತಿದೆ. ಅದನ್ನು ಅಜೇಯ ಸೂರ್ಯ ಎಂದು ಓದುತ್ತಾರೆ, ಮಿತ್ರನ ಹೆಸರು ಅಲ್ಲಿಲ್ಲ. ಅದನ್ನು ತಂದು ಇರಾನಿಗೆ ಜೋಡಿಸಿ, ಅಲ್ಲಿಂದ ತಿರುಗಿ ಕ್ರಿಸ್‌ಮಸ್ಸಿಗೆ ಜೋಡಿಸುವುದು ಎರಡು ಸಲ ಹಾರಿದಂತೆ.

ಬೀದರ್_ಕೋಟೆ
ಹೆಸರೇ ಉತ್ತರ ಹೇಳುತ್ತದಲ್ಲ. ಯಲ್ದಾ ಪಾರಸಿ ಪದವಲ್ಲ, ಸಿರಿಯಾಕ್ ಪದ, "ಜನನ" ಅಂತ ಅರ್ಥ. ಇರಾನಿನಲ್ಲಿದ್ದ ಸಿರಿಯಾಕ್ ಕ್ರೈಸ್ತರು ಯೇಸುವಿನ ಜನನಕ್ಕೆ ಬಳಸುತ್ತಿದ್ದ ಮಾತು. ಅರಬಿಯ ವಲದ್, ಮಿಲಾದ್ ಇದೇ ಬಳಗದವು. ಈದ್ ಮಿಲಾದ್ ನಮಗೆ ಗೊತ್ತು. ಹೈದರಾಬಾದ್ ಕರ್ನಾಟಕ, ಮುಂಬೈ ಕರ್ನಾಟಕದ ಹಳೇ ಜಮೀನು ಕಾಗದಗಳಲ್ಲಿ ಇಂಥವರ ಮಗ ಅನ್ನುವುದಕ್ಕೆ "ವಲದ" ಅಂತ ಬರೆಯುತ್ತಿದ್ದರಲ್ಲ, ಅದೇ ಬೇರು.

ಇರಾನಿನ ಹಳ್ಳಿಗಳಲ್ಲಿ ಈ ರಾತ್ರಿಯ ಹೆಸರು "ಶಬೆ ಚೆಲ್ಲೆ", ಚೆಲ್ಲೆಯ ರಾತ್ರಿ. ಚೆಹೆಲ್ ಅಂದರೆ ನಲವತ್ತು. ಅಫ್ಘಾನಿಸ್ತಾನದಲ್ಲೂ ಚೆಲ್ಲಾ ಅಂತಲೇ. 2022ರಲ್ಲಿ ಇರಾನ್ ಮತ್ತು ಅಫ್ಘಾನಿಸ್ತಾನ ಜಂಟಿಯಾಗಿ ಯುನೆಸ್ಕೊ ಪಟ್ಟಿಗೆ ಸೇರಿಸಿದಾಗಲೂ "ಯಲ್ದಾ/ಚೆಲ್ಲಾ" ಎಂದು ಎರಡೂ ಹೆಸರು ಕೊಟ್ಟವು.

ಮಂಜಿನಹನಿ
ಕಾಶ್ಮೀರದ ಚಿಲ್ಲೈ ಕಲಾನ್ ಇದೇನಾ? ಡಿಸೆಂಬರ್ 21ಕ್ಕೆ ಶುರು ಅಂತ ಪ್ರತಿ ವರ್ಷ ಪೇಪರಿನಲ್ಲಿ ಬರುತ್ತದೆ.

ಬೀದರ್_ಕೋಟೆ
ಅದೇ. ಕಾಶ್ಮೀರದಲ್ಲಿ ಚಿಲ್ಲೈ ಕಲಾನ್ 40 ದಿನ, ಚಿಲ್ಲೈ ಖುರ್ದ್ 20, ಚಿಲ್ಲೈ ಬಚ್ಚಾ 10. ಇರಾನಿನಲ್ಲಿ ದೊಡ್ಡ ಚೆಲ್ಲೆ ದೇ 1ರಿಂದ ಮುಂದಿನ ತಿಂಗಳಾದ ಬಹ್ಮನ್ 10ರವರೆಗೆ 40 ದಿನ, ಚಿಕ್ಕ ಚೆಲ್ಲೆ ಬಹ್ಮನ್ 11ರಿಂದ 30ರವರೆಗೆ 20 ದಿನ. ದೊಡ್ಡದರ ಕೊನೆಯ ನಾಲ್ಕು ದಿನ, ಚಿಕ್ಕದರ ಮೊದಲ ನಾಲ್ಕು ದಿನ ಸೇರಿ "ಚಾರ್ ಚಾರ್", ಚಳಿ ಮೂಳೆಗೆ ಇಳಿಯುವ ಎಂಟು ದಿನ. ರಾತ್ರಿ ಅತಿ ಉದ್ದವಾಗಿರುವುದು ಡಿಸೆಂಬರ್ 21ಕ್ಕಾದರೂ ಚಳಿ ಅತಿ ಹೆಚ್ಚು ಜನವರಿ ಕೊನೆಗೆ. ಮಣ್ಣು, ನೀರು ತಣ್ಣಗಾಗುವುದಕ್ಕೆ ಅಷ್ಟು ಸಮಯ ಬೇಕು. 

ನಮ್ಮ ದರ್ಗಾಗಳಲ್ಲಿ ಸೂಫಿಗಳು ನಲವತ್ತು ದಿನ ಕೂತ ಜಾಗಕ್ಕೆ ಚಿಲ್ಲಾ ಅನ್ನುತ್ತಾರೆ, ಪದ ಅದೇ, ಆದರೆ ವಿಷಯ ಬೇರೆ.

ಹಳೇ_ಪಂಚಾಂಗ
ದೇ 1 ಎಂದರೆ ಅಯನ ಎಂಬ ಸಮೀಕರಣ ಯಾವಾಗಲೂ ನಡೆಯುತ್ತಿರಲಿಲ್ಲ ಎಂಬುದನ್ನೂ ನೋಡಿ. ಇಸ್ಲಾಂ ಬರುವ ಮುಂಚೆ ಇರಾನನ್ನು ಆಳಿದ ಸಸಾನಿಯರ ಪಂಚಾಂಗ 365 ದಿನದ್ದು, ಅಧಿಕ ದಿನ ಇಲ್ಲ. ನಾಲ್ಕು ವರ್ಷಕ್ಕೆ ಒಂದು ದಿನ ಜಾರುತ್ತಿತ್ತು. ಕೊನೆಯ ಸಸಾನಿ ದೊರೆ ಮೂರನೇ ಯಜ್ದಗರ್ದ್ ಪಟ್ಟಕ್ಕೆ ಬಂದ 632ರಲ್ಲಿ ನೌರೋಜ್ ಬಿದ್ದದ್ದು ಜೂನ್ 16ಕ್ಕೆ. ಆ ಲೆಕ್ಕದಲ್ಲಿ ದೇ ತಿಂಗಳು ಮಾರ್ಚಿಗೆ ಹೋಗುತ್ತದೆ! ಜಾರಿ ಜಾರಿ ನೌರೋಜ್ ಮತ್ತೆ ವಸಂತ ವಿಷುವಕ್ಕೆ (ಹಗಲು ರಾತ್ರಿ ಸಮವಾಗುವ ಮಾರ್ಚ್ ದಿನಕ್ಕೆ) ಬಂದು ಕೂತದ್ದು ಸುಮಾರು 1006ರಲ್ಲಿ.

ದೇ 1ರ ಹಬ್ಬದ ವಿವರ ಕೊಡುವ ವಿದ್ವಾಂಸ ಅಲ್ ಬಿರೂನಿ ಬರೆದದ್ದು ಸುಮಾರು 1000ದಲ್ಲಿ, ಅಂದರೆ ಅದು ಮತ್ತೆ ಚಳಿಗಾಲಕ್ಕೆ ಬಂದಿದ್ದ ಹೊತ್ತಿನಲ್ಲಿ. ಅವನು ಹೇಳುವ ಹೆಸರು ಖುರ್ರಮ್ ರೋಜ್. ಆ ದಿನ ರಾಜ ಸಿಂಹಾಸನದಿಂದ ಇಳಿದು, ಬಿಳಿ ಬಟ್ಟೆ ಉಟ್ಟು, ಬಯಲಿನಲ್ಲಿ ಬಿಳಿ ಹಾಸಿನ ಮೇಲೆ ಕೂತು ರೈತರ ಜೊತೆ ಮಾತಾಡಿ ಅವರೊಂದಿಗೆ ಉಣ್ಣುತ್ತಿದ್ದನಂತೆ. ಇದನ್ನು ನವದ್ ರೋಜ್, ತೊಂಬತ್ತರ ದಿನ, ಎಂದೂ ಕರೆಯುತ್ತಿದ್ದರು. ನೌರೋಜಿಗೆ ಅಲ್ಲಿಂದ ತೊಂಬತ್ತು ದಿನ. ಹೊಂಗೆಮರ ಅವರೇ, ಮಕ್ಕಳಿಗೆ ಹೇಳಬೇಕಾದ ಕಥೆ ಇದು.

ಧಾರವಾಡ_ಗುಬ್ಬಿ
ತಿಂಗಳ ಹೆಸರು ಜಾರಿದ್ರ ಸೂರ್ಯ ಏನು ಜಾರತಾನ? ಮಂದಿ ಸೂರ್ಯನ್ನ ನೋಡಿ ಹಬ್ಬ ಮಾಡಿರಬಹುದು.

ಹಳೇ_ಪಂಚಾಂಗ
ಮಾಡಿರಬಹುದು, ತಡೆಯುವವರು ಯಾರು? ಆದರೆ ಆಗ ಅದನ್ನು "ದೇ 1ರ ಹಬ್ಬ" ಅನ್ನುವಂತಿಲ್ಲ, ಇಷ್ಟೇ ನನ್ನ ಮಾತು. ಈಗಿನ ಪಂಚಾಂಗ 1925ರಲ್ಲಿ ಕಾನೂನಾಗಿ ಬಂದದ್ದು. ಅದು ವಿಷುವದ ಕ್ಷಣಕ್ಕೆ ಕಟ್ಟಿಹಾಕಿದ್ದರಿಂದ ದೇ 1 ಈಗ ಜಾರುವುದಿಲ್ಲ.

ನಮ್ಮ ಮಕರ ಸಂಕ್ರಾಂತಿಯ ಪಾಡೂ ಸ್ವಲ್ಪ ಹೀಗೇ. ಅದು ನಿರಯನ ಲೆಕ್ಕ, ಅಂದರೆ ನಕ್ಷತ್ರಗಳನ್ನು ಹಿಡಿದು ಎಣಿಸುವುದು. ವಿಷುವದಿಂದ ಎಣಿಸುವ ಲೆಕ್ಕಕ್ಕೂ ಇದಕ್ಕೂ ಇರುವ ಅಂತರ, ಅಯನಾಂಶ, ಈಗ ಸುಮಾರು 24 ಡಿಗ್ರಿ, ಆದ್ದರಿಂದ ನಿಜವಾದ ಉತ್ತರಾಯಣ ಆರಂಭವಾಗಿ ಸುಮಾರು 24 ದಿನ ಕಳೆದ ಮೇಲೆ ಜನವರಿ 14–15ಕ್ಕೆ ಹಬ್ಬ. ಎರಡೂ ಒಂದೇ ದಿನ ಬೀಳುತ್ತಿದ್ದದ್ದು ಸುಮಾರು 1,700 ವರ್ಷದ ಹಿಂದೆ.

ಪುದೀನ_ಎಲೆ
ಹಾಗಾದರೆ ಬೆಂಗಳೂರಿನ ಪಾರ್ಸಿಗಳು ಯಲ್ದಾ ಮಾಡುತ್ತಾರಾ?

ಅವೆಸ್ತಾ_ಓದುಗ
ಪಾರ್ಸಿಗಳು ಭಾರತದ ಜರತುಷ್ಟ್ರರೇ, ಆದರೂ ಅವರ ಸಂಪ್ರದಾಯದಲ್ಲಿ ಅದು ಇಲ್ಲ. ಕಾರಣ ಮೇಲಿನ ಲೆಕ್ಕದಲ್ಲೇ ಇದೆ. ಹೆಚ್ಚಿನ ಪಾರ್ಸಿಗಳು ಪಾಲಿಸುವ ಶಹೆನ್‌ಶಾಹಿ ಪಂಚಾಂಗಕ್ಕೆ ಈಗಲೂ ಅಧಿಕ ದಿನ ಇಲ್ಲ. ಹೊಸ ವರ್ಷ ಆಗಸ್ಟ್ ಮಧ್ಯಕ್ಕೆ, ಆದ್ದರಿಂದ ದೇ ತಿಂಗಳು ಮೇ ಮಧ್ಯಕ್ಕೆ, ಸುಡುಬೇಸಿಗೆಯಲ್ಲಿ. ಮಾರ್ಚ್ 21ಕ್ಕೆ ವರ್ಷ ಶುರು ಮಾಡುವ ಫಸ್ಲಿ ಪಂಚಾಂಗದಲ್ಲೂ ಎಲ್ಲ ತಿಂಗಳಿಗೆ 30 ದಿನವೇ, ಹಾಗಾಗಿ ಅವರ ದೇ 1 ಡಿಸೆಂಬರ್ 16ಕ್ಕೆ. ಅಯನಕ್ಕಿಂತ ಐದಾರು ದಿನ ಮುಂಚೆ. ಇಬ್ಬರು ಜರತುಷ್ಟ್ರರು "ಇವತ್ತು ದೇ 1" ಅಂದರೆ ಯಾವ ಪಂಚಾಂಗ ಅಂತ ಕೇಳಲೇಬೇಕು.

ದೇ ಎಂಬ ಹೆಸರಿಗೆ ಮಾತ್ರ ಧರ್ಮದ ತೂಕ ಇದೆ. ಅವೆಸ್ತಾದಲ್ಲಿ ಸೃಷ್ಟಿಕರ್ತ ಎಂಬರ್ಥದ ಪದದಿಂದ ಬಂದದ್ದು, ಅವರ ಪರಮದೈವ ಅಹುರಾ ಮಜ್ದಾನ ಬಿರುದು. ಪ್ರತಿ ತಿಂಗಳ 1, 8, 15, 23ನೇ ದಿನಗಳು ಅವನವು. ದೇ ತಿಂಗಳಲ್ಲಿ ತಿಂಗಳ ಹೆಸರೂ ದಿನದ ಹೆಸರೂ ಕೂಡುವುದರಿಂದ ನಾಲ್ಕು ಸಲ ದೇಗಾನ್ ಹಬ್ಬ. ಅತಿ ಕತ್ತಲ ತಿಂಗಳನ್ನು ಸೃಷ್ಟಿಕರ್ತನ ಹೆಸರಿಗೆ ಬರೆದಿಟ್ಟಿದ್ದಾರೆ, ಮಿತ್ರನ ಹೆಸರಿಗಲ್ಲ.

ಒಗ್ಗರಣೆ
ಊಟದ ಮಾತಿಗೆ ಬನ್ನಿ ಈಗ. ಯಲ್ದಾ ಮೇಜಿನ ಮೇಲೆ ಇರಲೇಬೇಕಾದದ್ದು ದಾಳಿಂಬೆ, ಕಲ್ಲಂಗಡಿ, ಆಜೀಲ್ (ಒಣಹಣ್ಣು, ಬೀಜಗಳ ಮಿಶ್ರಣ). ಜೊತೆಗೆ ಖುರ್ಮಾಲು ಎಂಬ ಕಿತ್ತಳೆ ಬಣ್ಣದ ಹಣ್ಣು ಮತ್ತು ಸಿಹಿತಿಂಡಿ.

ದಾಳಿಂಬೆಯನ್ನು ಅಡ್ಡ ಕತ್ತರಿಸಬೇಡಿ, ಅರ್ಧ ಕಾಳು ಒಡೆದು ರಸ ಹರಿದುಹೋಗುತ್ತದೆ. ಕಿರೀಟದ ಸುತ್ತ ಅರ್ಧ ಇಂಚು ಆಳಕ್ಕೆ ಗುಂಡಗೆ ಕೊಯ್ದು ಮುಚ್ಚಳದಂತೆ ತೆಗೆಯಿರಿ. ಒಳಗೆ ಬಿಳಿ ಗೋಡೆಗಳು ಕಾಣುತ್ತವೆ. ಅವು ಎಲ್ಲಿವೆಯೋ ಅಲ್ಲೇ ಹೊರಗಿನ ಸಿಪ್ಪೆಗೆ ಮೇಲಿಂದ ಕೆಳಗೆ ತೆಳುವಾಗಿ ಗೀರಿ, ಕೈಯಿಂದ ಬಿಡಿಸಿ. ಬೋಗುಣಿಯ ಮೇಲೆ ಬೋರಲು ಹಿಡಿದು ಮರದ ಸೌಟಿನಿಂದ ತಟ್ಟಿದರೆ ಕಾಳು ಉದುರುತ್ತದೆ. ನಾಲ್ಕು ಹಣ್ಣಿನ ಕಾಳಿಗೆ ಅರ್ಧ ಚಮಚ ಗೋಲ್ಪರ್ ಪುಡಿ, ಚಿಟಿಕೆ ಉಪ್ಪು. ಉಪ್ಪು ತಿನ್ನುವ ಹೊತ್ತಿಗೆ ಹಾಕಿ, ಮೊದಲೇ ಹಾಕಿದರೆ ನೀರು ಬಿಡುತ್ತದೆ. ಗೋಲ್ಪರ್ ಅಂದರೆ ಕೊತ್ತಂಬರಿ, ಅಜವಾನದ ಕುಟುಂಬದ ಒಂದು ಗಿಡದ ಬೀಜ, ಅಂಗಡಿಗಳಲ್ಲಿ "ಆಂಜೆಲಿಕಾ" ಅಂತ ತಪ್ಪು ಹೆಸರಿನಲ್ಲಿ ಮಾರುತ್ತಾರೆ. ಸಿಗದಿದ್ದರೆ ಉಪ್ಪೊಂದೇ ಸಾಕು, ಜೀರಿಗೆ ಹಾಕಿ ಕೆಡಿಸಬೇಡಿ. ಕೊಪ್ಪಳ, ಬಾಗಲಕೋಟೆ ಕಡೆಯ ಭಗವಾ ತಳಿ ತೀರಾ ಸಿಹಿ. ಇರಾನಿನ ಸಾವೆ ಊರಿನ ಹೆಸರಾಂತ ಹಣ್ಣಿನ ಹುಳಿಸಿಹಿ ಬೇಕಿದ್ದರೆ ನಾಲ್ಕು ಹನಿ ನಿಂಬೆ ಹಿಂಡಿ.

ಆಜೀಲ್ ಆರು ಜನಕ್ಕೆ: ಪಿಸ್ತಾ 200 ಗ್ರಾಂ, ಬಾದಾಮಿ, ಅಕ್ರೋಟು ತಲಾ 150, ಒಣ ಅಂಜೂರ, ಒಣದ್ರಾಕ್ಷಿ, ಹುರಿಗಡಲೆ ತಲಾ 100, ಕುಂಬಳ ಬೀಜ ಒಂದು ಹಿಡಿ. ಉಪ್ಪು ಹಚ್ಚಿದ ಪಿಸ್ತಾ ಬೇಡ. ಇಡೀ ರಾತ್ರಿ ಮೆಲ್ಲುವ ತಿಂಡಿ, ಉಪ್ಪಾದರೆ ಬಾಯಾರಿಕೆ ಹತ್ತುತ್ತದೆ. ಒಣಹಣ್ಣು ಮತ್ತು ಬೀಜಗಳನ್ನು ಬೇರೆ ಡಬ್ಬಿಯಲ್ಲಿಟ್ಟು ಅವತ್ತೇ ಬೆರೆಸಿ. ಇಲ್ಲವಾದರೆ ಹಣ್ಣಿನ ತೇವಕ್ಕೆ ಬೀಜ ಮೆತ್ತಗಾಗುತ್ತದೆ.

ಮಂಜಿನಹನಿ
ನಮ್ಮ ಎಳ್ಳುಬೆಲ್ಲದ ಹಾಗೆಯೇ ಇದೆ!

ಒಗ್ಗರಣೆ
ಸ್ವಲ್ಪ ಹೌದು. ಆದರೆ ಎಳ್ಳುಬೆಲ್ಲ ಮನೆಮನೆಗೆ ಬೀರುವುದು. ಆಜೀಲ್ ಮನೆಯ ಹಿರಿಯರ ಸುತ್ತ ಕೂತು ತಿನ್ನುವುದು. ಬೀರುವುದಕ್ಕೆ ಹತ್ತಿರದ್ದು ಬೇಕೆಂದರೆ, ಮದುವೆ ಗೊತ್ತಾದ ಹುಡುಗಿಯ ಮನೆಗೆ ಹುಡುಗನ ಕಡೆಯವರು ಆ ರಾತ್ರಿ ಹೊತ್ತು ತರುವ ತಟ್ಟೆಗಳು, ಅಲಂಕರಿಸಿದ ಕಲ್ಲಂಗಡಿ, ದಾಳಿಂಬೆ, ಸಿಹಿ, ಬಟ್ಟೆ.

ಅವೆಸ್ತಾ_ಓದುಗ
ಹಂಚುವ ಒಣಹಣ್ಣು ಜರತುಷ್ಟ್ರರಲ್ಲೂ ಇದೆ, ಅದರ ಹೆಸರು ಲೋರ್ಕ್. ಇರಾನಿನ ಯಜ್ದ್ ಕಡೆ ಗಹಂಬಾರ್ ಪ್ರಾರ್ಥನೆ ಮುಗಿದ ಮೇಲೆ ಬಂದವರಿಗೆಲ್ಲ ಕೊಡುತ್ತಾರೆ. ಲೇಖನದಲ್ಲಿ ಆಜೀಲನ್ನೂ ಲೋರ್ಕನ್ನೂ ಬೆರೆಸಬೇಡಿ.

ಹೊಂಗೆಮರ
ಕೆಂಪು ಹಣ್ಣು ಅರುಣೋದಯದ ಸಂಕೇತ ಅನ್ನುವುದು?

ಅವೆಸ್ತಾ_ಓದುಗ
ಚೆಂದದ ವಿವರಣೆ, ಇರಾನಿಗಳೇ ಇಂದು ಹಾಗೆ ಹೇಳಿಕೊಳ್ಳುತ್ತಾರೆ. "ಜನ ಹೀಗೆ ಭಾವಿಸುತ್ತಾರೆ" ಅಂತ ಬರೆಯಿರಿ, "ಧರ್ಮಗ್ರಂಥ ಹೇಳುತ್ತದೆ" ಅಂತ ಬೇಡ. ದಾಳಿಂಬೆಯ ಧಾರ್ಮಿಕ ಸ್ಥಾನ ಬೇರೆ ಕಡೆ ಇದೆ, ಹಣ್ಣಿನಲ್ಲಿ ಅಲ್ಲ, ಗಿಡದಲ್ಲಿ. ಯಸ್ನ ಎಂಬ ಪೂಜಾವಿಧಿಯಲ್ಲಿ ಹೋಮ ಎಂಬ ಪವಿತ್ರ ಗಿಡದ (ನಮ್ಮ ಅಗ್ನಿಹೋಮವಲ್ಲ) ಕಡ್ಡಿಯ ಜೊತೆ ದಾಳಿಂಬೆಯ ಕಡ್ಡಿಯನ್ನೂ ಕುಟ್ಟಿ ರಸ ತೆಗೆಯುತ್ತಾರೆ, ಅದಕ್ಕೆ ಉರ್ವರಾಂ ಎನ್ನುತ್ತಾರೆ. ಅಗ್ನಿಮಂದಿರದ ಅಂಗಳದಲ್ಲಿ ದಾಳಿಂಬೆ ಗಿಡ ಬೆಳೆಸುವುದು ಇದಕ್ಕೇ. ಸದಾ ಹಸಿರೆಲೆ, ಕಾಳು ತುಂಬಿದ ಹಣ್ಣು, ಎರಡೂ ಜೀವ ಹೆಚ್ಚುವ ಗುರುತು.

ಕಲ್ಲಂಗಡಿಗೆ ಅಂಥದ್ದೇನೂ ಇಲ್ಲ. ಚಳಿಗಾಲದ ಮೊದಲ ರಾತ್ರಿ ತಿಂದರೆ ಮುಂದಿನ ಬೇಸಿಗೆಯ ಧಗೆ ತಾಕುವುದಿಲ್ಲ ಎಂಬ ಜನರ ನಂಬಿಕೆ, ಅಷ್ಟೇ.

ತುಂಗಾತೀರ
"ಸದಾ ಹಸಿರೆಲೆ"? ತಂಪು ಸೀಮೆಯಲ್ಲಿ ದಾಳಿಂಬೆ ಚಳಿಗಾಲಕ್ಕೆ ಎಲೆ ಉದುರಿಸುತ್ತದೆ. ಸಾವೆಯಲ್ಲೂ ಉದುರಿಸುತ್ತದೆ.

ಅವೆಸ್ತಾ_ಓದುಗ
ಸರಿ, ಆ ಎರಡು ಪದ ಹಿಂದೆಗೆದುಕೊಂಡೆ. ಕಾಳು ತುಂಬಿದ ಹಣ್ಣು ಎಂಬುದೊಂದೇ ಉಳಿಯಲಿ.

ಬೀದರ್_ಕೋಟೆ
ಕಲ್ಲಂಗಡಿಗೆ ಪಾರಸಿಯಲ್ಲಿ ಹೆಂದವಾನೆ ಅಂತಾರೆ, ಹಿಂದ್ ದೇಶದ್ದು ಎಂಬರ್ಥ. ಅವರ ಹಬ್ಬದ ತಟ್ಟೆಯಲ್ಲಿ ನಮ್ಮ ಕಡೆಯ ಹೆಸರು ಕೂತಿದೆ.

ಕೆಂಡಸಂಪಿಗೆ
ಕುರ್ಸಿಯ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಕುರ್ಚಿ ಪದವೇ, ಆದರೆ ವಸ್ತು ಬೇರೆ: ಮೊಣಕಾಲೆತ್ತರದ ಚೌಕ ಮೇಜು, ಅದರಡಿ ಅಗ್ಗಿಷ್ಟಿಕೆ, ಮೇಲೆ ನೆಲಕ್ಕೆ ತಾಗುವಷ್ಟು ದೊಡ್ಡ ರಜಾಯಿ. ನಾಲ್ಕೂ ಕಡೆ ದಿಂಬಿಗೆ ಒರಗಿ ಕಾಲನ್ನು ರಜಾಯಿಯೊಳಗೆ ಚಾಚಿ ಕೂರುತ್ತಾರೆ. ಇದ್ದಿಲನ್ನು ಹೊರಗೇ ಹೊತ್ತಿಸಿ, ಹೊಗೆ ಪೂರ್ತಿ ನಿಂತು ನಿಗಿನಿಗಿ ಕೆಂಡವಾದ ಮೇಲೆ ಬೂದಿ ಮುಚ್ಚಿ ಒಳಗೆ ತರಬೇಕು. ಬೂದಿ ಹೊದಿಸಿದರೆ ಶಾಖ ಮೆಲ್ಲಗೆ ಬೆಳಗಿನವರೆಗೂ ಬರುತ್ತದೆ. ಆದರೆ ಹೊಗೆ ಕಾಣದಿದ್ದರೂ ಕೆಂಡ ಕಾರ್ಬನ್ ಮೊನಾಕ್ಸೈಡ್ ಬಿಡುತ್ತಲೇ ಇರುತ್ತದೆ. ಅದಕ್ಕೆ ವಾಸನೆ ಇಲ್ಲ, ಮುಚ್ಚಿದ ಕೋಣೆಯಲ್ಲಿ ಮಲಗಿದವರು ಏಳುವುದಿಲ್ಲ. ಈಗ ಅದರಡಿ ವಿದ್ಯುತ್ ಹೀಟರ್ ಇಡುತ್ತಾರೆ. ಮಕ್ಕಳ ಪತ್ರಿಕೆಯಲ್ಲಿ ಕುರ್ಸಿಯ ಚಿತ್ರ ಹಾಕುವುದಾದರೆ ಈ ಎಚ್ಚರಿಕೆ ಬಿಡಲೇಬೇಡಿ.

ಒಗ್ಗರಣೆ
ದಕ್ಷಿಣ ಖುರಾಸಾನಿನ ಕಫ್ ಬಗ್ಗೆಯೂ ಬರೆಯಿರಿ, ಮಕ್ಕಳಿಗೆ ಇಷ್ಟವಾಗುತ್ತದೆ. ಚೂಬಕ್ ಎಂಬ ಗಿಡದ ಬೇರನ್ನು ನೆನೆಸಿ, ಹಲವು ಸಲ ಕುದಿಸಿ, ಕಹಿಯಾದ ಮೊದಲ ನೀರನ್ನೆಲ್ಲ ಚೆಲ್ಲುತ್ತಾರೆ. ಕೊನೆಯ ನೀರು ತಣ್ಣಗಾದ ಮೇಲೆ ದೊಡ್ಡ ಮಣ್ಣಿನ ಪಾತ್ರೆಯಲ್ಲಿ ಕಡ್ಡಿಗಳ ಕಟ್ಟಿನಿಂದ ಗಂಡಸರು ಸರದಿಯಲ್ಲಿ ಕಡೆಯುತ್ತಾರೆ. ಬೆಳ್ಳಗೆ ಗಟ್ಟಿ ನೊರೆ ನಿಂತ ಮೇಲೆ ದ್ರಾಕ್ಷಿಯ ಕಾಕಂಬಿ ಬೆರೆಸಿ, ಅಕ್ರೋಟು, ಪಿಸ್ತಾ ಉದುರಿಸಿ ತಿನ್ನುತ್ತಾರೆ. ಅಂಟುವಾಳದ ನೊರೆಗೂ ಇದಕ್ಕೂ ಕಾರಣ ಒಂದೇ, ಸಪೋನಿನ್. ಪಾತ್ರೆಗೆ ಎಣ್ಣೆಯ ಪಸೆ ತಾಗಿದ್ದರೆ ಅಥವಾ ಕಾಕಂಬಿ ಬೇಗ ಸುರಿದರೆ ನೊರೆ ಕುಸಿಯುತ್ತದೆ. ಓದಿದ ಮಕ್ಕಳು ಅಂಟುವಾಳದಲ್ಲಿ ಮಾಡಲು ಹೋಗದಂತೆ ಒಂದು ಸಾಲು ಸೇರಿಸಿ. ಅದು ತಿನ್ನುವ ವಸ್ತುವಲ್ಲ.

ಪುದೀನ_ಎಲೆ
ಹಾಫಿಜ್ ಫಾಲ್? ಪುಟ ತೆರೆದು ಭವಿಷ್ಯ ನೋಡುವುದು?

ಬೀದರ್_ಕೋಟೆ
ಮನಸ್ಸಿನಲ್ಲಿ ಒಂದೇ ಕೋರಿಕೆ ಇಟ್ಟುಕೊಂಡು ಕವಿ ಹಾಫಿಜ್ ಬರೆದ ಕವಿತೆಗಳ ಸಂಕಲನವನ್ನು ಕಣ್ಣು ಮುಚ್ಚಿ ತೆರೆಯುತ್ತಾರೆ. ಬಲಪುಟದ ಮೇಲಿರುವ ಗಜಲ್ ಉತ್ತರ. ಅದು ಹಿಂದಿನ ಪುಟದಲ್ಲಿ ಶುರುವಾಗಿದ್ದರೆ ಹಿಂದೆ ಹೋಗಿ ಮೊದಲಿಂದ ಓದಬೇಕು. ನಂತರದ ಗಜಲಿನ ಆರಂಭದ ಸಾಲುಗಳು ಶಾಹೆದ್, ಅಂದರೆ ಸಾಕ್ಷಿ. ಓದುವುದು ಸಾಮಾನ್ಯವಾಗಿ ಮನೆಯ ಹಿರಿಯರು. ಕವಿ 14ನೇ ಶತಮಾನದ ಶಿರಾಜಿನವರು, ಆದ್ದರಿಂದ ಇದು ಜರತುಷ್ಟ್ರ ಕಾಲದ್ದಲ್ಲ ಎಂದು ಬೇರೆ ಹೇಳಬೇಕಿಲ್ಲ.

ಧಾರವಾಡ_ಗುಬ್ಬಿ
ಅವೆಸ್ತಾ ಓದುಗ ಸರ್, ಮಿತ್ರ ಬ್ಯಾಡ, ಕಲ್ಲಂಗಡಿ ಬ್ಯಾಡ ಅಂದ್ರಿ. ಹಂಗಾದ್ರ ಚಳಿಗಾಲದ ಬಗ್ಗೆ ಆ ಧರ್ಮ ಏನು ಹೇಳತೈತಿ, ಅದನ್ನರ ಹೇಳ್ರಿ.

ಅವೆಸ್ತಾ_ಓದುಗ
ಹೇಳುತ್ತೇನೆ, ನನ್ನ ಮಟ್ಟಿಗೆ ಈ ಚರ್ಚೆಯ ತಿರುಳೇ ಅದು. ಅವೆಸ್ತಾದ ಭಾಗವಾದ ವೆಂದಿದಾದ್ ಗ್ರಂಥದ ಮೊದಲ ಅಧ್ಯಾಯದಲ್ಲಿ ಆರ್ಯರ ಮೂಲನೆಲಕ್ಕೆ ಕೇಡಿನ ಶಕ್ತಿಯಾದ ಅಂಗ್ರ ಮೈನ್ಯು ತಂದ ಕೇಡು ಚಳಿಗಾಲ: ಹತ್ತು ತಿಂಗಳು ಚಳಿ, ಎರಡೇ ತಿಂಗಳು ಬೇಸಿಗೆ. ಚಳಿ ಅವರಿಗೆ ಬರೀ ಹವಾಮಾನವಲ್ಲ, ವೈರಿಯ ಆಯುಧ.

ಅದಕ್ಕೆ ಎದುರಾಗಿ ರಪಿಥ್ವಿನ್. ನಡುಮಧ್ಯಾಹ್ನದ, ಬೇಸಿಗೆಯ ದೈವ. ದಿನಕ್ಕೆ ಐದು ಗಾಹ್, ಅಂದರೆ ಪ್ರಾರ್ಥನೆಯ ಜಾವಗಳು: ಸೂರ್ಯೋದಯದಿಂದ ಮಧ್ಯಾಹ್ನ ಹಾವನ್, ಮಧ್ಯಾಹ್ನದಿಂದ ಮೂರು ಗಂಟೆ ರಪಿಥ್ವಿನ್, ಅಲ್ಲಿಂದ ಸೂರ್ಯಾಸ್ತದವರೆಗೆ ಉಜೇರಿನ್, ಮಧ್ಯರಾತ್ರಿಯವರೆಗೆ ಐವಿಸ್ರುಥ್ರೆಮ್, ಬೆಳಗಿನವರೆಗೆ ಉಷಾಹಿನ್. ಚಳಿಗಾಲ ಬಂದಾಗ ರಪಿಥ್ವಿನ್ ನೆಲದಡಿ ಇಳಿಯುತ್ತಾನೆ, ಮರಗಳ ಬೇರು ಸಾಯದಂತೆ, ಬುಗ್ಗೆಯ ನೀರು ಹೆಪ್ಪುಗಟ್ಟದಂತೆ ಬೆಚ್ಚಗಿಡುತ್ತಾನೆ. ಚಳಿಗಾಲದಲ್ಲಿ ಬಾವಿ ನೀರು ಬೆಚ್ಚಗಿರುವುದು ಇದರಿಂದಲೇ ಎನ್ನುತ್ತದೆ ಸೃಷ್ಟಿಯ ಕಥೆ ಹೇಳುವ ಗ್ರಂಥ ಬುಂದಹಿಶ್ನ್. ಇದು ಬರೀ ಕಥೆಯಲ್ಲ, ವಿಧಿಯಲ್ಲೂ ಇದೆ: ಆಬಾನ್ ತಿಂಗಳಿಂದ ವರ್ಷದ ಕೊನೆಯವರೆಗೆ ಐದು ತಿಂಗಳು ರಪಿಥ್ವಿನ್ ಗಾಹ್ ಹೇಳುವುದಿಲ್ಲ. ಆ ಹೊತ್ತಿಗೆ ಎರಡನೇ ಹಾವನ್ ಹೇಳುತ್ತಾರೆ. ವರ್ಷದ ಮೊದಲ ತಿಂಗಳು ಫರ್ವರ್ದೀನಿನಲ್ಲಿ ಅವನು ಮೇಲೆ ಬರುತ್ತಾನೆ.

ರಾತ್ರಿ ಎಚ್ಚರ ಇರುವುದಕ್ಕೂ ಅಲ್ಲೇ ಸುಳಿವಿದೆ. ವೆಂದಿದಾದಿನ 18ನೇ ಅಧ್ಯಾಯದಲ್ಲಿ ಬೆಂಕಿಯೇ ಕೂಗುತ್ತದೆ. ರಾತ್ರಿಯ ಮೊದಲ ಭಾಗದಲ್ಲಿ ಮನೆಯ ಯಜಮಾನನನ್ನು, ಎರಡನೆಯದರಲ್ಲಿ ರೈತನನ್ನು, ಮೂರನೆಯದರಲ್ಲಿ ಸ್ರೋಷ ಎಂಬ ದೇವತೆಯನ್ನು: ಎದ್ದು ಒಣ ಸೌದೆ ಹಾಕಿ, ನನ್ನನ್ನು ನಂದಿಸಲು ಪಿಶಾಚಿ ಬರುತ್ತಿದೆ ಎಂದು. ಸ್ರೋಷ ಕೋಳಿಯನ್ನು ಎಬ್ಬಿಸುತ್ತಾನೆ, ಕೋಳಿ ಮನುಷ್ಯರನ್ನು. ಇದು ಯಲ್ದಾ ಒಂದಕ್ಕೆ ಹೇಳಿದ್ದಲ್ಲ, ಪ್ರತಿ ರಾತ್ರಿಗೆ ಹೇಳಿದ್ದು. ಹದಿನಾಲ್ಕು ಗಂಟೆಯ ರಾತ್ರಿಯಲ್ಲಿ ಅದರ ಭಾರ ಹೆಚ್ಚು, ಅಷ್ಟೇ.

ಧಾರವಾಡ_ಗುಬ್ಬಿ
ಇದು ಮಾತು! ನೆಲದಾಗ ಇಳಿದು ಬೇರು ಕಾಯೋ ದೇವರು. ಮಿತ್ರನ ಹುಟ್ಟುಹಬ್ಬಕ್ಕಿಂತ ಇದು ನೂರು ಪಾಲು ಚಲೋ ಐತಿ. ನನ್ನ ತಕರಾರು ಮುಗೀತ್ರಿ.

ಹಳೇ_ಪಂಚಾಂಗ
ಬೆಂಕಿಯ ಹಬ್ಬವೇ ಬೇಕಿದ್ದರೆ ಬಹ್ಮನ್ 10ರ ಸದೆ ಇದೆ, ಜನವರಿ ಕೊನೆಗೆ. ಸದ್ ಅಂದರೆ ನೂರು, ನೌರೋಜಿಗೆ ಐವತ್ತು ಹಗಲು, ಐವತ್ತು ರ‍ಾತ್ರಿ ಉಳಿದಿದೆ ಎಂಬುದು ಒಂದು ವಿವರಣೆ. ಇರಾನಿನ ಕೆರ್ಮಾನಿನಲ್ಲಿ ಜರತುಷ್ಟ್ರರು ದೊಡ್ಡ ಸೌದೆ ರಾಶಿಗೆ ಬೆಂಕಿ ಹಚ್ಚುತ್ತಾರೆ, ಬೇರೆ ಧರ್ಮದವರೂ ಸೇರುತ್ತಾರೆ. 2023ರಲ್ಲಿ ಇದೂ ಯುನೆಸ್ಕೊ ಪಟ್ಟಿಗೆ ಬಂತು, ಇರಾನ್ ಮತ್ತು ತಜಕಿಸ್ತಾನದ ಹೆಸರಿನಲ್ಲಿ. ದೊಡ್ಡ ಚೆಲ್ಲೆ ಮುಗಿಯುವುದೂ ಅದೇ ದಿನ.

ಹೊಂಗೆಮರ
ಎಲ್ಲರಿಗೂ ವಂದನೆ. ಲೇಖನದ ಮೊದಲ ಸಾಲು ಹೀಗೆ ಬದಲಾಯಿತು: "ಇರಾನಿನ ಜನ ವರ್ಷದ ಅತಿ ಉದ್ದದ ರಾತ್ರಿಯನ್ನು ಎಚ್ಚರವಿದ್ದು ಕಳೆಯುತ್ತಾರೆ. ಆ ಹೊತ್ತಿನಲ್ಲಿ ಬೇಸಿಗೆಯ ದೈವ ನೆಲದಡಿ ಕೂತು ಮರದ ಬೇರುಗಳನ್ನು ಬೆಚ್ಚಗಿಡುತ್ತಿರುತ್ತಾನೆ ಎಂದು ಹಳೆಯ ಜರತುಷ್ಟ್ರ ಗ್ರಂಥವೊಂದು ಹೇಳುತ್ತದೆ." ಮಿತ್ರನ ಪ್ಯಾರಾ ತೆಗೆದೆ. ಕುರ್ಸಿಯ ಎಚ್ಚರಿಕೆ ಚಿತ್ರದ ಕೆಳಗೆ ಹೋಗುತ್ತದೆ.

ಅವೆಸ್ತಾ_ಓದುಗ
ಎರಡು ವಾಕ್ಯವನ್ನೂ ಹೀಗೆ ಬೇರೆಬೇರೆ ಇಟ್ಟಿದ್ದು ಸರಿಯಾಯಿತು. "ಆದ್ದರಿಂದ" ಎಂದು ಜೋಡಿಸಬೇಡಿ.

ಬೀದರ್_ಕೋಟೆ
ತಲೆಬರಹದಲ್ಲಿ "ಯಾಲ್ಡಾ" ಅಂತಿದ್ದರೆ ತಿದ್ದಿ. ಯಲ್ದಾ, ಮೊದಲಕ್ಷರ ಹ್ರಸ್ವ, ದ ಹಲ್ಲಿಗೆ ತಾಗಬೇಕು.